ಮುಚ್ಚಿದ ಬಾಗಿಲ ಮುಂದಿನ ಸಾವು

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತು. ಅಭಿಮಾನಿಗಳು ಈ ಗೆಲುವಿಗಾಗಿ 18 ವರ್ಷ ಕಾದಿದ್ದರು. ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಮಂದಿ ಅಸುನೀಗಿದರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಬಹುಪಾಲು ಯುವಜನರು.

ಮರುದಿನದ ಪತ್ರಿಕೆಗಳೆಲ್ಲ ಇದನ್ನು ‘ಕಾಲ್ತುಳಿತ’ ಎಂದು ಕರೆದವು. ರೂಢಿಯಲ್ಲಿರುವ ಮಾತು ಅದು. ಆದರೆ ಈ ಪದದಲ್ಲೇ ಒಂದು ತೀರ್ಪು ಅಡಗಿದೆ. ಜನ ಹುಚ್ಚೆದ್ದು ಓಡಿದರು, ಒಬ್ಬರನ್ನೊಬ್ಬರು ತುಳಿದರು, ತಪ್ಪು ಕಾಲುಗಳದ್ದು ಎಂಬುದೇ ಆ ತೀರ್ಪು. ಇಂಥ ದುರಂತಗಳ ಚರಿತ್ರೆಯನ್ನು ತಿರುವಿ ನೋಡಿದರೆ ಕಾಣುವುದು ಬೇರೆಯೇ.

1883ರ ಜೂನ್ 16. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಮನರಂಜನೆಯ ಪ್ರದರ್ಶನ ನಡೆದಿತ್ತು. ಕೊನೆಯಲ್ಲಿ, ಟಿಕೆಟಿನ ಮೇಲೆ ನಿರ್ದಿಷ್ಟ ಸಂಖ್ಯೆ ಇರುವ ಮಕ್ಕಳಿಗೆ ಬಹುಮಾನವಿದೆ ಎಂದು ಸಾರಲಾಯಿತು. ಕೆಳಗೆ ವೇದಿಕೆಯ ಬಳಿ ಬಹುಮಾನ ಹಂಚಲು ಶುರು ಮಾಡಿದ್ದೇ ತಡ, ಮೇಲಿನ ಗ್ಯಾಲರಿಯಲ್ಲಿದ್ದ ಸುಮಾರು 1,100 ಮಕ್ಕಳು ತಮಗೆ ಸಿಗದೇ ಹೋದೀತೆಂದು ಮೆಟ್ಟಿಲಿಳಿದು ಧಾವಿಸಿದರು. ಮೆಟ್ಟಿಲುಗಳ ಬುಡದಲ್ಲಿದ್ದ ಬಾಗಿಲು ಒಂದು ಮಗು ತೂರುವಷ್ಟು ಮಾತ್ರ ತೆರೆದು, ಅಲ್ಲಿಗೇ ಅಗುಳಿ ಹಾಕಲಾಗಿತ್ತು. ಮುಂದಿದ್ದವರು ಅಲ್ಲಿ ಸಿಕ್ಕಿಕೊಂಡರು. ಹಿಂದಿದ್ದವರಿಗೆ ಅದು ಕಾಣಲಿಲ್ಲ. 183 ಮಕ್ಕಳು ಸತ್ತರು.

1979ರ ಡಿಸೆಂಬರ್ 3. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಸಂಗೀತ ಕಾರ್ಯಕ್ರಮ. ಬಹುತೇಕ ಟಿಕೆಟ್‌ಗಳಿಗೆ ಆಸನದ ಸಂಖ್ಯೆಯೇ ಇರಲಿಲ್ಲ. ಮೊದಲು ಹೋದವರಿಗೆ ಮುಂದಿನ ಜಾಗ. ಚಳಿಯಲ್ಲಿ ಗಂಟೆಗಟ್ಟಲೆ ಕಾದಿದ್ದ ಜನರಿಗೆ ಒಳಗಿನಿಂದ ಸಂಗೀತ ಕೇಳಿಸಿತು. ಕಾರ್ಯಕ್ರಮ ಶುರುವಾಯಿತೆಂದು ಅವರು ಮುನ್ನುಗ್ಗಿದರು. ತೆರೆದದ್ದು ಕೆಲವೇ ಬಾಗಿಲು. ಅಲ್ಲಿಯೂ ಸತ್ತವರು 11 ಮಂದಿ. ಹೊರಗೆ ಹೆಣಗಳು ಬಿದ್ದಿದ್ದರೂ ಒಳಗೆ ಹಾಡು ನಡೆದೇ ಇತ್ತು. ಕಲಾವಿದರಿಗೆ ಸುದ್ದಿ ತಿಳಿದದ್ದು ಕಾರ್ಯಕ್ರಮ ಮುಗಿದ ಮೇಲೆ.

ಚಿನ್ನಸ್ವಾಮಿಯಲ್ಲಿ ನಡೆದದ್ದೂ ಇದಕ್ಕಿಂತ ಬೇರೆಯಲ್ಲ. ವಿಜಯಯಾತ್ರೆಗೆ ಪೊಲೀಸರ ಒಪ್ಪಿಗೆ ಇರಲಿಲ್ಲ. ಆದರೂ ಸಂಜೆ 5 ಗಂಟೆಗೆ ಯಾತ್ರೆ ಇದೆ, ಉಚಿತ ಪಾಸುಗಳು ಸೀಮಿತ ಸಂಖ್ಯೆಯಲ್ಲಿವೆ ಎಂಬ ಸುದ್ದಿ ತಂಡದ ಕಡೆಯಿಂದಲೇ ಮೊಬೈಲುಗಳಲ್ಲಿ ಹರಡಿತು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದತ್ತ ಎರಡು-ಮೂರು ಲಕ್ಷ ಜನ ಬಂದರೆಂದು ಸರ್ಕಾರವೇ ಅಂದಾಜು ಮಾಡಿತು. ಗೇಟುಗಳನ್ನು ಸಕಾಲಕ್ಕೆ ತೆರೆಯಲಿಲ್ಲವೆಂದು ಅದು ಹೈಕೋರ್ಟಿಗೆ ವರದಿ ಸಲ್ಲಿಸಿತು. ಹೊರಗೆ ಜನ ಸಾಯುತ್ತಿದ್ದಾಗ ಒಳಗೆ ಸಂಭ್ರಮಾಚರಣೆ ನಡೆಯಿತು.

ಹಾಗಾದರೆ ಜನ ಸಾಯುವುದು ಹೇಗೆ? ಒಂದು ಚದರ ಮೀಟರ್ ಜಾಗದಲ್ಲಿ ನಾಲ್ವರು ನಿಂತರೆ ಹೆಜ್ಜೆ ಕಿತ್ತಿಡಬಹುದು. ಏಳು ಮಂದಿ ಸೇರಿದರೆ ಗುಂಪು ನೀರಿನಂತೆ ಹೊಯ್ದಾಡತೊಡಗುತ್ತದೆ. ಒಬ್ಬೊಬ್ಬರ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ಎದೆಗೂಡು ಹಿಗ್ಗಲು ಎಡೆಯಿಲ್ಲದೆ ಉಸಿರು ಕಟ್ಟುತ್ತದೆ. ಎಷ್ಟೋ ಜನ ನಿಂತಲ್ಲೇ ಪ್ರಾಣ ಬಿಡುತ್ತಾರೆ. ಇಂಥ ದುರಂತಗಳಲ್ಲಿ ಕಬ್ಬಿಣದ ಕಂಬಿಗಳೇ ಬಾಗಿದ ಉದಾಹರಣೆಗಳಿವೆ.

ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1993ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಿದರು. ಗುಂಪಿನ ಒತ್ತಡ, ಜನರಿಗೆ ಸಿಗುವ ಮಾಹಿತಿ, ಜಾಗ, ಸಮಯ. ಈ ಪಟ್ಟಿಯಲ್ಲಿ ‘ಹುಚ್ಚು’ ಎಂಬುದಿಲ್ಲ. ಮಾಹಿತಿ, ಜಾಗ, ಸಮಯ ಮೂರೂ ಸಂಘಟಕರ ಕೈಯಲ್ಲಿರುವಂಥವು. ಅವು ತಪ್ಪಿದಾಗ ನಾಲ್ಕನೆಯದಾದ ಒತ್ತಡ ತಾನಾಗಿ ಹುಟ್ಟುತ್ತದೆ.

ಸಂಡರ್‌ಲ್ಯಾಂಡ್‌ನ ಮಕ್ಕಳ ಸಾವು ವ್ಯರ್ಥವಾಗಲಿಲ್ಲ. ಸಾರ್ವಜನಿಕ ಕಟ್ಟಡಗಳ ಬಾಗಿಲು ಹೊರಮುಖವಾಗಿ ತೆರೆಯಬೇಕೆಂಬ ನಿಯಮ ಬಂತು. ಒಳಗಿನಿಂದ ಮೈ ತಾಗಿದರೂ ತೆರೆದುಕೊಳ್ಳುವ ಅಗುಳಿಯನ್ನು ರಾಬರ್ಟ್ ಬ್ರಿಗ್ಸ್ ರೂಪಿಸಿದರು. ಇಂದು ಚಿತ್ರಮಂದಿರಗಳ ತುರ್ತು ಬಾಗಿಲಿಗಿರುವ ಅಡ್ಡಪಟ್ಟಿ ಅದರ ವಂಶದ್ದೇ. ಸಿನ್ಸಿನಾಟಿ ನಗರ ಆಸನ ಗೊತ್ತುಪಡಿಸದ ಟಿಕೆಟ್ ಮಾರಾಟವನ್ನು ನಿಷೇಧಿಸಿತು. ಬೆಂಗಳೂರಿನ ದುರಂತವನ್ನು ತನಿಖೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಆ ಕ್ರೀಡಾಂಗಣ ತಕ್ಕುದಲ್ಲ ಎಂದಿತು. ಪ್ರೇಕ್ಷಕರು ಸರತಿ ನಿಲ್ಲಲು ಅಲ್ಲಿ ರಸ್ತೆ, ಪಾದಚಾರಿ ಮಾರ್ಗಗಳೇ ಗತಿ ಎಂಬುದನ್ನೂ ಅದು ಗುರುತಿಸಿತು.

ಇದು ರಾಜಧಾನಿಗಷ್ಟೇ ಸಂಬಂಧಿಸಿದ ಮಾತಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗೆ ಜನ ಸೇರುವುದು ಹೊಸದಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಏಳುಕೊಳ್ಳದ ಯಲ್ಲಮ್ಮನ ಗುಡ್ಡ ಲಕ್ಷಾಂತರ ಭಕ್ತರಿಂದ ತುಂಬುತ್ತದೆ. ಗೊಡಚಿ ವೀರಭದ್ರನ ಜಾತ್ರೆಗೂ ಜನ ಹರಿದು ಬರುತ್ತಾರೆ. ಊರಿನ ಬಯಲಾಟ, ಸಣ್ಣಾಟಗಳಿಗೆ ಬಾಗಿಲೇ ಇರಲಿಲ್ಲ. ನೋಡಿದವರು ಬೇಕಾದ ದಿಕ್ಕಿಗೆ ಎದ್ದು ಹೋಗುತ್ತಿದ್ದರು. ಈಗ ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ, ಜನವರಿಯ ಸಂಗೊಳ್ಳಿ ಉತ್ಸವದಲ್ಲಿ ಸಂಜೆಯ ರಸಮಂಜರಿಗೆ ಬೇಲಿ, ಪಾಸು, ಗಣ್ಯರ ಸಾಲು ಬಂದಿವೆ. ಬೇಲಿ ಕಟ್ಟುವವರು ಮೊದಲು ಎಣಿಸಬೇಕಾದದ್ದು ಕುರ್ಚಿಗಳನ್ನಲ್ಲ, ಹೊರಹೋಗುವ ದಾರಿಗಳನ್ನು. ಧ್ವನಿವರ್ಧಕದ ಮುಂದೆ ನಿಂತವರಿಗೂ ತಾವು ಆಡುವ ಒಂದು ಮಾತು ಎಷ್ಟು ಜನರನ್ನು ಎಬ್ಬಿಸಿ ಓಡಿಸೀತು ಎಂಬ ಎಚ್ಚರ ಬೇಕು.

ಸಂಡರ್‌ಲ್ಯಾಂಡ್‌ನ ಆ ಬಾಗಿಲಿಗೆ ಅಗುಳಿ ಹಾಕಿದವರು ಯಾರೆಂಬುದು ಕೊನೆಗೂ ಸ್ಥಿರಪಡಲಿಲ್ಲ. ಪ್ರತಿ ದುರಂತದ ನಂತರವೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಯಾರು ತುಳಿದರು ಎಂದಲ್ಲ, ಬಾಗಿಲು ಏಕೆ ಮುಚ್ಚಿತ್ತು ಎಂದು.