ಒಂದು ಡಿಸ್ಕು, ನಲವತ್ತು ಯಂತ್ರ

1995ರಲ್ಲಿ ವಿಂಡೋಸ್ 95 ಅಂಗಡಿಗೆ ಬಂದಾಗ ಅದರ ಫ್ಲಾಪಿ ಆವೃತ್ತಿಯಲ್ಲಿ 13 ಡಿಸ್ಕುಗಳಿದ್ದವು. ನಲವತ್ತು ಕಂಪ್ಯೂಟರುಗಳ ಲ್ಯಾಬಿಗೆ ಅದನ್ನು ಹಾಕಬೇಕೆಂದರೆ 520 ಸಲ ಫ್ಲಾಪಿ ತುರುಕಿ ತೆಗೆಯಬೇಕು. ಆಮೇಲೆ ಪ್ರಿಂಟರು, ನೆಟ್‌ವರ್ಕ್ ಕಾರ್ಡು, ವರ್ಡ್ ಪ್ರೊಸೆಸರು ಎಂದು ಪ್ರತಿ ಯಂತ್ರದಲ್ಲೂ ಮತ್ತೆ ಮೊದಲಿನಿಂದ ಕೆಲಸ. ಇಷ್ಟಾದ ಮೇಲೂ ಎರಡು ಯಂತ್ರಗಳು ಒಂದೇ ಥರ ಇರುತ್ತವೆಂಬ ಭರವಸೆಯಿರಲಿಲ್ಲ.

ಈ ಗೋಳಿಗೆ ಪರಿಹಾರ ಬಂದದ್ದು ನ್ಯೂಜಿಲೆಂಡಿನ ಆಕ್ಲೆಂಡಿನಿಂದ. ಅಲ್ಲಿನ ಬೈನರಿ ರಿಸರ್ಚ್ ಕಂಪನಿಯ ಮರ್ರೆ ಹ್ಯಾಜರ್ಡ್ ಅದೇ ವರ್ಷ ‘ಘೋಸ್ಟ್’ ಎಂಬ ಪ್ರೋಗ್ರಾಂ ಬರೆದರು. ಡಾಸ್‌ನಲ್ಲಿ ಓಡುತ್ತಿದ್ದ ಅದು ಇನ್‌ಸ್ಟಾಲ್ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದು ಯಂತ್ರವನ್ನು ಅಚ್ಚುಕಟ್ಟಾಗಿ ಸಜ್ಜುಮಾಡಿ ಕೊಟ್ಟರೆ ಸಾಕು, ಅದರ ಡಿಸ್ಕಿನಲ್ಲಿದ್ದುದನ್ನೆಲ್ಲ ಒಂದು ಇಮೇಜ್ ಫೈಲಾಗಿ ಎತ್ತಿಕೊಂಡು ಉಳಿದವುಗಳ ಮೇಲೆ ಯಥಾವತ್ತಾಗಿ ಇಳಿಸುತ್ತಿತ್ತು. 1998ರಲ್ಲಿ ಸಿಮ್ಯಾಂಟೆಕ್ ಈ ಕಂಪನಿಯನ್ನು ಕೊಂಡಿತು. ಆಮೇಲೂ ಅಭಿವೃದ್ಧಿಯ ಕೆಲಸ ಆಕ್ಲೆಂಡಿನಲ್ಲೇ ನಡೆದು, 2009ರಲ್ಲಿ ಅದರ ಬಹುಪಾಲು ಭಾರತಕ್ಕೆ ಬಂತು.

ಆದರೆ ಇಮೇಜನ್ನು ಒಂದೊಂದೇ ಯಂತ್ರಕ್ಕೆ ಕಳಿಸುತ್ತ ಹೋದರೆ ನೆಟ್‌ವರ್ಕ್ ಬಸವಳಿಯುತ್ತದೆ. 500 ಎಂಬಿ ಇಮೇಜನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದ ತಂತಿಯಲ್ಲಿ ಸಾಗಿಸಲು, ಏನೂ ಅಡಚಣೆಯಿಲ್ಲದಿದ್ದರೂ, ಸುಮಾರು ಏಳು ನಿಮಿಷ ಬೇಕು. ನಲವತ್ತು ಯಂತ್ರಕ್ಕೆ ನಾಲ್ಕೂವರೆ ಗಂಟೆ!

ಇಲ್ಲಿ ಕೈಹಿಡಿದದ್ದು ಮಲ್ಟಿಕಾಸ್ಟ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡೀರಿಂಗ್ 1980ರ ದಶಕದಲ್ಲಿ ರೂಪಿಸಿದ ವಿಧಾನವಿದು. 1989ರಲ್ಲಿ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಪ್ರಕಟವಾಯಿತು. ಆಕಾಶವಾಣಿ ಒಮ್ಮೆ ಬಿತ್ತರಿಸಿದ್ದನ್ನು ಎಲ್ಲ ರೇಡಿಯೋಗಳೂ ಹಿಡಿಯುವಂತೆ, ಸರ್ವರ್ ಒಂದೇ ಸಲ ಕಳಿಸಿದ್ದನ್ನು ಗುಂಪಿಗೆ ಸೇರಿದ ಯಂತ್ರಗಳೆಲ್ಲ ಪಡೆಯುತ್ತವೆ. ಈ ವಿದ್ಯೆ ಘೋಸ್ಟ್‌ಗೂ ಬಂತು. ತೊಡಕುಗಳಿಲ್ಲದೆ ಇರಲಿಲ್ಲ. ಸಾಲಿನಲ್ಲಿ ಒಂದು ಮುದಿ ಡಿಸ್ಕಿದ್ದರೆ ಉಳಿದವೆಲ್ಲ ಅದಕ್ಕಾಗಿ ಕಾಯಬೇಕು. ಸ್ವಿಚ್ ಸರಿಯಾಗಿ ಹೊಂದಿಸಿರದಿದ್ದರೆ ಪ್ರವಾಹ ಲ್ಯಾಬಿನಾಚೆಗೂ ನುಗ್ಗುತ್ತದೆ. ಹಾಗಿದ್ದರೂ ಈ ಕಸುಬಿನ ಅತಿ ದೊಡ್ಡ ಜಿಗಿತ ಇದೇ.

1999ರಲ್ಲಿ ಇಂಟೆಲ್ ಪಿಎಕ್ಸ್‌ಇ 2.1 ನಿಯಮಗಳನ್ನು ಹೊರತಂದಿತು. ನೆಟ್‌ವರ್ಕ್ ಕಾರ್ಡೇ ಸರ್ವರಿನಿಂದ ವಿಳಾಸ ಕೇಳಿ, ಬೂಟ್ ಪ್ರೋಗ್ರಾಂ ತರಿಸಿಕೊಳ್ಳುವ ಏರ್ಪಾಡು ಅದು. ಯಂತ್ರ ಚಾಲೂ ಮಾಡಲು ಬೇಕಿದ್ದ ಬೂಟ್ ಫ್ಲಾಪಿಯ ಹಂಗು ತೀರಿತು.

ಹಣವಿಲ್ಲದ ಶಾಲೆಗಳ ಪಾಲಿಗೆ ದೊಡ್ಡ ಉಪಕಾರ ಮಾಡಿದ್ದು ತೈವಾನ್. ಅಲ್ಲಿನ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಸ್ಟೀವನ್ ಶಿಯಾವ್ ಮತ್ತು ಸಂಗಡಿಗರು ಕಟ್ಟಿದ ಕ್ಲೋನ್‌ಜಿಲ್ಲಾ ಪೂರ್ತಿ ಮುಕ್ತ ತಂತ್ರಾಂಶ. ಅದರ ತಂಡ ಹೇಳುವಂತೆ, 5.6 ಜಿಬಿ ಇಮೇಜು 41 ಕಂಪ್ಯೂಟರುಗಳಿಗೆ ಮಲ್ಟಿಕಾಸ್ಟಿನಲ್ಲಿ ಇಳಿಯಲು ಸುಮಾರು ಹತ್ತೇ ನಿಮಿಷ ಸಾಕಾಯಿತು.

ನಕಲು ಹೀಗೆ ಸಲೀಸಾಯಿತು. ನಕಲುಗಳನ್ನು ಬೇರೆಬೇರೆಯಾಗಿಸುವುದೇ ಇಂದಿಗೂ ಕಷ್ಟದ ಭಾಗ. ವಿಂಡೋಸ್ ಎನ್‌ಟಿ ಮನೆತನದ ಪ್ರತಿ ಯಂತ್ರಕ್ಕೂ ಎಸ್‌ಐಡಿ ಎಂಬ ಗುರುತು ಸಂಖ್ಯೆಯಿರುತ್ತದೆ. ಇಮೇಜಿನೊಂದಿಗೆ ಅದೂ ನಕಲಾಗುತ್ತದೆ. ಅದನ್ನು ಬದಲಿಸಲೆಂದೇ ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1997ರಲ್ಲಿ ಒಂದು ಉಪಕರಣ ಬರೆದರು. ‘ನ್ಯೂಎಸ್‌ಐಡಿ’ ಎಂಬ ಹೆಸರಿನಲ್ಲಿ ಅದು ವರ್ಷಗಟ್ಟಲೆ ಲ್ಯಾಬುಗಳಲ್ಲಿ ಬಳಕೆಯಾಯಿತು. 2009ರ ನವೆಂಬರಿನಲ್ಲಿ, ಅಷ್ಟರಲ್ಲಿ ಮೈಕ್ರೋಸಾಫ್ಟ್ ಸೇರಿದ್ದ ರಸಿನೋವಿಚ್ ತಾವೇ ಅದಕ್ಕೆ ತೆರೆಯೆಳೆದರು: ಎರಡು ಯಂತ್ರಗಳಿಗೆ ಒಂದೇ ಎಸ್‌ಐಡಿ ಇದ್ದರೆ ತೊಂದರೆ ಎಂಬುದು ಬರೀ ನಂಬಿಕೆ, ಹಾಗೆ ಕೆಟ್ಟ ಉದಾಹರಣೆ ಸಿಗಲಿಲ್ಲ ಎಂದರು. ಆದರೆ ಯಂತ್ರದ ಗುರುತುಗಳನ್ನು ಅಳಿಸುವ ಮೈಕ್ರೋಸಾಫ್ಟಿನದೇ ಉಪಕರಣವಾದ ಸಿಸ್‌ಪ್ರೆಪ್ ಓಡಿಸದ ನಕಲಿಗೆ ಕಂಪನಿಯ ಬೆಂಬಲವಿಲ್ಲ ಎಂಬ ನಿಯಮ ಉಳಿಯಿತು. ಅನೇಕರು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡರು.

ಅದರ ಫಲ ಕಂಡದ್ದು ಹದಿನಾರು ವರ್ಷಗಳ ಮೇಲೆ. 2025ರ ಆಗಸ್ಟ್ ಕೊನೆಯಲ್ಲಿ ಬಂದ ವಿಂಡೋಸ್ 11ರ ಅಪ್‌ಡೇಟಿನಿಂದೀಚೆಗೆ, ಒಂದೇ ಎಸ್‌ಐಡಿಯ ಯಂತ್ರಗಳು ಪರಸ್ಪರ ಲಾಗಿನ್ ಆಗಲು ಹೋದರೆ ವ್ಯವಸ್ಥೆಯೇ ತಡೆಯುತ್ತದೆ. ಲ್ಯಾಬಿನ ಹೊಣೆ ಹೊತ್ತವರು ಮುಂದಿನ ಇಮೇಜ್ ತೆಗೆಯುವ ಮೊದಲು ತಪ್ಪದೆ ಸಿಸ್‌ಪ್ರೆಪ್ ಓಡಿಸಲಿ.