ಪಾಠದಿಂದ ಹೊರಗುಳಿದವರು

2020ರ ಜುಲೈ ತಿಂಗಳಲ್ಲಿ, ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, ರಾಜ್ಯದ ಶಿಕ್ಷಣ ಇಲಾಖೆಯು ಕಡಿತಗೊಳಿಸಿದ ಪಠ್ಯಕ್ರಮವೊಂದನ್ನು ಪ್ರಕಟಿಸಿತು. ಬಿಟ್ಟುಹೋದವುಗಳಲ್ಲಿ ಏಳನೆಯ ತರಗತಿಯ ಹೈದರಾಲಿ–ಟಿಪ್ಪುವಿನ ಪಾಠವಿತ್ತು. ಆರನೆಯ ತರಗತಿಯಲ್ಲಿ ಯೇಸುಕ್ರಿಸ್ತರನ್ನೂ ಪ್ರವಾದಿ ಮುಹಮ್ಮದರನ್ನೂ ಕುರಿತ ಭಾಗವೂ ಇತ್ತು. ಈ ವಿಷಯಗಳು ಬೇರೆ ತರಗತಿಗಳಲ್ಲಿ ಬರುತ್ತವೆ ಎಂಬುದು ಇಲಾಖೆಯ ಸಮರ್ಥನೆ. ಆಕ್ಷೇಪಗಳು ಎದ್ದೊಡನೆ ಶಿಕ್ಷಣ ಸಚಿವರು ಆ ಪಟ್ಟಿಯನ್ನು ತಡೆಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಬ್ರಾಹ್ಮಣ ಸಮುದಾಯಕ್ಕೆ ನೋವಾಗುತ್ತದೆ ಎಂಬ ದೂರಿನ ಮೇರೆಗೆ, ಆರನೆಯ ತರಗತಿಯ ಹೊಸ ಧರ್ಮಗಳ ಉದಯದ ಪಾಠದ ಒಂದು ಭಾಗವನ್ನು ಬೋಧಿಸಬಾರದೆಂಬ ಆದೇಶ ಬಂದಿತು. ಮೊದಲನೆಯದು ನಮ್ಮನ್ನು ಕದಲಿಸಿತು. ಎರಡನೆಯದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಲಿಲ್ಲ. ಈ ವ್ಯತ್ಯಾಸವೇ ನನ್ನನ್ನು ಇತಿಹಾಸದ ಕಡೆಗೆ ತಿರುಗಿಸಿದ್ದು.

ಗೋಕಾಕ, ಮೂಡಲಗಿ, ಹುಕ್ಕೇರಿ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಅಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಘಟಪ್ರಭೆಯ ದಡದ ಒಂದು ಹಳ್ಳಿಯ ಸರಕಾರಿ ಶಾಲೆಯ ಮಗು ಯೇಸುವಿನ ಹೆಸರನ್ನು ಮೊದಲ ಬಾರಿಗೆ ಓದುವುದು ಬಹುಶಃ ಸಮಾಜ ವಿಜ್ಞಾನದ ಪುಸ್ತಕದಲ್ಲಿಯೇ. ಆ ಪುಟಕ್ಕೆ ಕತ್ತರಿ ಬಿದ್ದರೆ ಮಗುವಿನ ವಿಶ್ವಾಸಕ್ಕೆ ಕೊರತೆಯೇನೂ ಆಗದು. ನೆರೆಯವನನ್ನು ಕುರಿತ ಅದರ ತಿಳಿವಳಿಕೆಗೆ ಆಗುತ್ತದೆ. ಅಲ್ಲಿ ಉಳಿಯುವ ಖಾಲಿ ಜಾಗವನ್ನು ವದಂತಿ ತುಂಬುತ್ತದೆ.

ಬೆಳಗಾವಿ ಸೀಮೆಗೆ ಇಂಥ ಪ್ರಶ್ನೆ ಹೊಸದಲ್ಲ. 1820ರಿಂದಲೇ ಲಂಡನ್ ಮಿಷನ್ನಿನವರು ಬೆಳಗಾವಿಯಲ್ಲಿದ್ದರು. ಆಗ ಈ ಪ್ರಾಂತ ಮುಂಬಯಿ ಇಲಾಖೆಯ ಅಧೀನ. 1854ರ ಚಾರ್ಲ್ಸ್ ವುಡ್ಡರ ಶಿಕ್ಷಣ ನಿರೂಪವು ಸರಕಾರಿ ಶಾಲೆಗಳ ಬೋಧನೆ ಸಂಪೂರ್ಣ ಲೌಕಿಕವಾಗಿರಬೇಕೆಂದು ವಿಧಿಸಿತು. ಪವಿತ್ರ ಗ್ರಂಥ ಶಾಲೆಯ ಗ್ರಂಥಾಲಯದಲ್ಲಿ ಇರಬಹುದು. ವಿದ್ಯಾರ್ಥಿ ತಾನಾಗಿ ಓದಬಹುದು. ಅವನು ಕೇಳಿದರೆ ಶಿಕ್ಷಕರು ಶಾಲೆಯ ವೇಳೆಯ ಹೊರಗೆ ಉತ್ತರಿಸಬಹುದು. ತರಗತಿಯ ಒಳಗೆ ಮಾತ್ರ ಬೋಧಿಸುವಂತಿಲ್ಲ. ಕ್ರೈಸ್ತ ಪ್ರಭುಗಳೇ ಕ್ರೈಸ್ತ ಗ್ರಂಥವನ್ನು ಪಾಠದಿಂದ ಹೊರಗಿಟ್ಟ ಈ ಕ್ರಮ ಅನೇಕ ಮಿಷನರಿಗಳಿಗೆ ಹಿಡಿಸಲಿಲ್ಲ. ಆದರೂ 2020ರ ಪಟ್ಟಿಗಿಂತ ಅದು ಪ್ರಾಮಾಣಿಕವೆಂದೇ ನನ್ನ ಅಭಿಪ್ರಾಯ. ಅದರ ನಿಯಮ ಬಹಿರಂಗವಾಗಿತ್ತು, ಆಳುವವರ ಸ್ವಂತ ಮತಕ್ಕೂ ಅನ್ವಯಿಸುತ್ತಿತ್ತು; ಪುಸ್ತಕ ಕಪಾಟಿನಲ್ಲಿ ಉಳಿದೇ ಇತ್ತು.

ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕು. 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಕ್ಷೇತ್ರ ಗೋವೆಯ ಮಹಾಧರ್ಮಕ್ಷೇತ್ರದಿಂದಲೂ ರೂಪುಗೊಂಡದ್ದು. ಅದೇ ಗೋವೆಯಲ್ಲಿ 1684ರಲ್ಲಿ ಪೋರ್ಚುಗೀಸ್ ವೈಸರಾಯ್, ಜನರು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಕಲಿತು ಕೊಂಕಣಿಯನ್ನು ತ್ಯಜಿಸಬೇಕೆಂದು ಆಜ್ಞಾಪಿಸಿದನು. ಧರ್ಮಸಭೆಯ ಕೆಲವರೇ ಅದಕ್ಕೆ ಬೆಂಬಲವಾಗಿ ನಿಂತಿದ್ದರು. ಅದಕ್ಕೂ ಏಳು ದಶಕಗಳ ಹಿಂದೆ ಯೇಸುಸಭೆಯ ಥಾಮಸ್ ಸ್ಟೀಫನ್ಸರು ಅದೇ ನೆಲದ ಜನರಿಗಾಗಿ ಅವರ ನುಡಿಯ ಛಂದಸ್ಸಿನಲ್ಲಿ ಕ್ರಿಸ್ತಪುರಾಣವನ್ನು ರಚಿಸಿದ್ದರು. ಇನ್ನು ರೋಮಿನ ನಿಷಿದ್ಧ ಗ್ರಂಥಗಳ ಸೂಚಿಯು 1559ರಿಂದ 1966ರವರೆಗೆ, ನಾಲ್ಕು ಶತಮಾನಗಳನ್ನೂ ಮೀರಿ ಜಾರಿಯಲ್ಲಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯು, ನೈತಿಕ ಮೌಲ್ಯಗಳನ್ನು ನೇರವಾದ ಅಂತಃಸಾಕ್ಷಿಯಿಂದ ತೂಗಿನೋಡುವ ಹಕ್ಕು ಮಕ್ಕಳದೆಂದು ಒಪ್ಪಿತು. ತೂಗಿನೋಡಲು ತಕ್ಕಡಿಯಲ್ಲಿ ಏನಾದರೂ ಇರಬೇಕಷ್ಟೆ.

2022ರ ಪರಿಷ್ಕರಣೆಯ ಗದ್ದಲ ಎಲ್ಲರಿಗೂ ನೆನಪಿದೆ. ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿ ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ಕೆ.ಬಿ. ಹೆಡಗೇವಾರರ ಭಾಷಣವನ್ನು ಸೇರಿಸಿತು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಅನುಮತಿಯನ್ನು ಹಿಂಪಡೆದರು. ಒಂಬತ್ತನೆಯ ತರಗತಿಯ ಬಸವಣ್ಣನವರ ಪಾಠ ತಿರುಚಲ್ಪಟ್ಟಿದೆಯೆಂದು ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ಮುಖ್ಯಮಂತ್ರಿಗೆ ಪತ್ರ ಬರೆದರು. ಲಿಂಗಾಯತ ಮಠಗಳ ಪ್ರಭಾವವುಳ್ಳ ನಮ್ಮ ಭಾಗದಲ್ಲಿ ಆ ಪತ್ರಕ್ಕೆ ತೂಕವಿತ್ತು.

ಇವುಗಳ ನಡುವೆ ಸದ್ದಿಲ್ಲದೆ ಹೊರಬಿದ್ದದ್ದು ಸಾರಾ ಅಬೂಬಕ್ಕರ್ ಅವರ 'ಯುದ್ಧ' ಎಂಬ ಕಥೆ. ಯುದ್ಧಕಾಲದ ಕತ್ತಲಲ್ಲಿ ಗಾಯಗೊಂಡ ಶತ್ರುಪಕ್ಷದ ವೈದ್ಯನೊಬ್ಬ ಗಡಿಯ ಮನೆಯೊಂದರ ಬಾಗಿಲು ತಟ್ಟುತ್ತಾನೆ. ಮುದುಕಿಯೊಬ್ಬಳು ಅವನಿಗೆ ಆಶ್ರಯ ಕೊಡುತ್ತಾಳೆ. ಒಳಗೆ ಹೆರಿಗೆಯ ನೋವಿನಲ್ಲಿ ಸೊಸೆ. ಹುಡುಕಿಕೊಂಡು ಬಂದ ಸೈನಿಕರಿಗೆ ಆ ತಾಯಿ ಅವನನ್ನು ಒಪ್ಪಿಸುವುದಿಲ್ಲ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ವರ್ಷವರ್ಷವೂ ಬೋಧಿಸುವ ನನಗೆ, ಸಮಾರ್ಯದವನ ಸಾಮತಿಗೆ ಇಷ್ಟು ಹತ್ತಿರವಾದ ಇನ್ನೊಂದು ಪಠ್ಯವನ್ನು ಕನ್ನಡದ ಶಾಲಾಪುಸ್ತಕಗಳಲ್ಲಿ ತೋರಿಸಲಾಗದು. ಅದರಲ್ಲಿ ಕ್ರಿಸ್ತನ ಹೆಸರಿಲ್ಲ. ಬರೆದವರು ಮುಸ್ಲಿಂ ಮಹಿಳೆ. 'ನನ್ನ ನೆರೆಯವನು ಯಾರು?' ಎಂಬ ಪ್ರಶ್ನೆಗೆ ಉತ್ತರ ಹೊರಗಿನವನಿಂದ ಬಂದಿತೆಂಬುದು ಆ ಸಾಮತಿಯ ತಿರುಳೇ ಅಲ್ಲವೇ? ಯೇಸುವಿನ ಪಾಠ ಹೋದಾಗ ಮನವಿ ಸಲ್ಲಿಸುವುದು ನ್ಯಾಯ. ಆದರೆ ಈ ಕಥೆ ಹೋದಾಗ ನಷ್ಟವಾದದ್ದೂ ಶುಭಸಂದೇಶದ ಕೇಳುಗರಿಗೇ.

2023ರ ಜೂನಿನಲ್ಲಿ ಹೊಸ ಸರಕಾರವು ಹಿಂದಿನ ಬದಲಾವಣೆಗಳಲ್ಲಿ ಕೆಲವನ್ನು ರದ್ದುಗೊಳಿಸಿ ಹೆಡಗೇವಾರರ ಪಾಠವನ್ನು ಕೈಬಿಟ್ಟಿತು. ಒಂದು ಪಕ್ಷ ಬಂದಾಗ ಸೇರುವುದು, ಇನ್ನೊಂದು ಬಂದಾಗ ಬೀಳುವುದು ವಾಡಿಕೆಯಾದರೆ ಶಿಕ್ಷಕರು ಯಾವ ಪಾಠವನ್ನೂ ನಂಬಿ ಕಲಿಸಲಾರರು. ಈ ಮಾತು ಎರಡೂ ಕಡೆಗೆ ಸಲ್ಲುತ್ತದೆ. ಪುಸ್ತಕಗಳು ಆಗಲೇ ಮುದ್ರಣಗೊಂಡಿದ್ದುದರಿಂದ ಬದಲಿ ಪಾಠಗಳು ತೆಳುವಾದ ಪೂರಕ ಪುಸ್ತಿಕೆಯಾಗಿ ಬಂದವು. 'ಯುದ್ಧ' ಕಥೆಯೂ ಹಾಗೆಯೇ ಮರಳಿತು. ಅದನ್ನು ಬರೆದ ಸಾರಾ ಅಬೂಬಕ್ಕರ್ ಆ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.