ಏರೋಪ್ಲೇನ್ ಚಿಟ್ಟೆ ಹೇಳುವ ಕೆರೆಯ ಚರಿತ್ರೆ

ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪ ನಮ್ಮ ತಲೆಮಾರಿನ ಬಹಳ ಮಂದಿಯ ಲೆಕ್ಕದಲ್ಲಿದೆ. ನನ್ನ ಲೆಕ್ಕದಲ್ಲೂ ಇದೆ. ಇಂದಿನ ಮಕ್ಕಳು ಮೊಬೈಲ್ ಹಿಡಿದು ಅದರ ಫೋಟೋ ತೆಗೆಯುತ್ತಾರೆ. ದಾರಕ್ಕಿಂತ ಇದು ಎಷ್ಟೋ ವಾಸಿ.

ಹೆಸರಿಗೆ ಚಿಟ್ಟೆಯಾದರೂ ಇದು ಚಿಟ್ಟೆಯಲ್ಲ, ಡ್ರ್ಯಾಗನ್‌ಫ್ಲೈ. ಭಾರತದಲ್ಲಿ ಇವುಗಳ ಲೆಕ್ಕ ಬರೆದವರಲ್ಲಿ ಪ್ರಮುಖರು ಎಫ್.ಸಿ. ಫ್ರೇಸರ್ ಎಂಬ ಬ್ರಿಟಿಷ್ ವೈದ್ಯಾಧಿಕಾರಿ. ಅವರ ಮೂರು ಸಂಪುಟಗಳು 1933, 1934 ಮತ್ತು 1936ರಲ್ಲಿ ಬಂದವು. ಆಗ ಬಲೆಯಲ್ಲಿ ಹಿಡಿದು, ಕೊಂದು, ಜೋಪಾನ ಮಾಡಿಟ್ಟರೆ ಮಾತ್ರ ಗುರುತು. 2005ರಲ್ಲಿ ಕೆ.ಎ. ಸುಬ್ರಮಣಿಯನ್ ಅವರ ಸಚಿತ್ರ ಕೈಪಿಡಿ ಬಂದ ಮೇಲೆ, ಕ್ಯಾಮೆರಾ ಹಿಡಿದ ಸಾಮಾನ್ಯರಿಗೂ ಅನೇಕ ಜಾತಿಗಳ ಪರಿಚಯ ಸುಲಭವಾಯಿತು.

ಮಾಲೂರು ತಾಲೂಕಿನ ಲಕ್ಕೂರಿನ ಕಡೆ ಬೇಸಿಗೆಯಲ್ಲಿ ಇವನ್ನು ನೋಡಬೇಕಾದರೆ ಬಿಸಿಲೇರುವ ಮೊದಲೇ ಹೋಗಬೇಕು. ಮೈ ಬೆಚ್ಚಗಾಗುವ ತನಕ ಇವು ಸುಲಭವಾಗಿ ಹಾರಲಾರವು. ರೆಕ್ಕೆ ಚಾಚಿ ಕೂತದ್ದು ಏರೋಪ್ಲೇನ್ ಚಿಟ್ಟೆ. ಸೂಜಿಯಂಥ ಮೈ, ಬೆನ್ನ ಮೇಲೆ ಮಡಚಿದ ರೆಕ್ಕೆಯಾದರೆ ಬಹುಮಟ್ಟಿಗೆ ಅದರ ಬಂಧು ಡ್ಯಾಮ್ಸೆಲ್‌ಫ್ಲೈ. ನಡುಮಧ್ಯಾಹ್ನ ಕೆಲವು ಬಾಲವನ್ನು ನೇರ ಸೂರ್ಯನತ್ತ ಎತ್ತಿ ನಿಲ್ಲುತ್ತವೆ. ಮೈಗೆ ತಾಗುವ ಬಿಸಿಲು ಕಡಿಮೆಯಾಗಲಿ ಎಂದು.

ಆದರೆ ಹಾರುವುದು ಇವುಗಳ ಬದುಕಿನ ಕೊನೆಯ ಅಧ್ಯಾಯ ಮಾತ್ರ. ಮರಿಗಳು ಬೆಳೆಯುವುದು ನೀರಿನಲ್ಲಿ, ಸೊಳ್ಳೆಮರಿಗಳನ್ನೂ ತಿಂದು. ಆದ್ದರಿಂದ ಇವುಗಳ ಚರಿತ್ರೆ ಎಂದರೆ ಕೆರೆಗಳ ಚರಿತ್ರೆಯೇ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಯನ್ನು ಸಾಕಿದ್ದು ಕೆರೆಗಳು. ಅದರ ನೀರನ್ನು ಸರದಿಯ ಮೇಲೆ ಗದ್ದೆಗೆ ಬಿಡುತ್ತಿದ್ದವನು ನೀರುಗಂಟಿ. ಬೋರ್‌ವೆಲ್ ಬಂದಿತು, ನೀರುಗಂಟಿಯ ಕೆಲಸ ಹೋಯಿತು, ಕೆರೆ ಯಾರದೂ ಅಲ್ಲದಾಯಿತು. ಮರಿಯಾಗಿ ತಿಂಗಳುಗಟ್ಟಲೆ ನೀರಲ್ಲಿರಬೇಕಾದ ಜಾತಿಗಳಿಗೆ ಒಣಗಿದ ಕೆರೆಯಲ್ಲಿ ಜಾಗವೆಲ್ಲಿ? ಉಳಿಯಬಲ್ಲವು ಎಂದರೆ, ಮಳೆಯ ಗುಂಡಿಯಲ್ಲೇ ಒಂದೆರಡು ತಿಂಗಳಲ್ಲಿ ಬೆಳೆದು ಸಮುದ್ರ ದಾಟಿ ಹೋಗುವ ಪ್ಯಾಂಟಾಲಾ. ಬಂಡೆಯ ಬಣ್ಣದ್ದೇ ಆಗಿ, ಬಂಡೆಯ ದೊಣೆಯಲ್ಲೂ ಸಿಮೆಂಟ್ ತೊಟ್ಟಿಯಲ್ಲೂ ಮರಿ ಮಾಡುವ ಗ್ರಾನೈಟ್ ಘೋಸ್ಟ್.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನೀರು ಬಂತೆಂದು ರೈತರು ಸಂತೋಷಪಟ್ಟರು. ಎಂಥ ನೀರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತುಂಬಿದ ಕೆರೆಯೆಲ್ಲ ಬದುಕಿದ ಕೆರೆಯಲ್ಲ. ಕೊಳೆ ಸಹಿಸುವ ಜಾತಿಗಳಷ್ಟೇ ಬಂದವೋ, ಸಹಿಸದವೂ ಮರಳಿದವೋ ಎಂಬುದನ್ನು ವರ್ಷ ವರ್ಷದ ಫೋಟೋಗಳು ಹೇಳಬಲ್ಲವು.

ಮಕ್ಕಳಿಗೆ ಹೇಳುವುದಿಷ್ಟೆ: ಫೋಟೋದ ಕೆಳಗೆ ತಾರೀಖು ಮತ್ತು ಕೆರೆಯ ಹೆಸರು ಬರೆದಿಡಿ. ನಾವು ದಾರ ಕಟ್ಟಿದೆವೇ ಹೊರತು ಏನನ್ನೂ ಬರೆದಿಡಲಿಲ್ಲ.